ಹತ್ತಿ ಬೆಳ್ಳಿಯಾದ ಕಾಲ

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ರೇವುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿತು. ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ಕಂಗೆಟ್ಟು ಮುಂಬಯಿಯತ್ತ ತಿರುಗಿದವು. ನಮ್ಮ ಧಾರವಾಡ ಸೀಮೆಯ ಹತ್ತಿ ಚಕ್ಕಡಿಯೇರಿ, ಘಟ್ಟವಿಳಿದು, ಕುಮಟೆಯ ಬಂದರಿನಿಂದ ಹಡಗು ಹತ್ತಿತು. ಬೆಳ್ಳಿ ಹೊಳೆಯಾಗಿ ಮುಂಬಯಿಗೆ ಹರಿದು ಬಂತು.

ಆ ಬೆಳ್ಳಿಯ ಮೇಲೆ ಬ್ಯಾಂಕುಗಳೂ, ಶೇರುಗಳ ಮೇಲೆ ಸಾಲ ಕೊಡುವುದನ್ನೇ ಕಸುಬಾಗಿಸಿಕೊಂಡ ಫೈನಾನ್ಸ್ ಕಂಪನಿಗಳೂ ಎದ್ದವು. ಬೆಲೆ ಏರಿಸುವ ಬಗೆ ಸರಳವಾಗಿತ್ತು. ಶೇರು ಒತ್ತೆಯಿಟ್ಟು ಸಾಲ ತರುವುದು, ಆ ಸಾಲದಲ್ಲಿ ಮತ್ತೆ ಶೇರು ಕೊಳ್ಳುವುದು; ಕೊಂಡಷ್ಟೂ ಬೆಲೆ ಏರುವುದು, ಏರಿದಷ್ಟೂ ಸಾಲ ಹೆಚ್ಚು ಹುಟ್ಟುವುದು. ಬ್ಯಾಂಕ್ ಆಫ್ ಬಾಂಬೆಗೆ ಇದ್ದ ಕಟ್ಟುಪಾಡುಗಳನ್ನು 1863ರ ಕಾಯ್ದೆ ಸಡಿಲಿಸಿತ್ತು. ಖಜಾನೆಯ ಬಾಗಿಲು ಯಾರ ಮಾತಿಗೆ ತೆರೆಯುತ್ತಿತ್ತೋ ಬೆಲೆ ಅವರ ಮಾತು ಕೇಳುತ್ತಿತ್ತು. ಅವರಲ್ಲಿ ಮೊದಲಿಗ ಪ್ರೇಮಚಂದ ರಾಯಚಂದ. ಹೊಸ ಕಂಪನಿಯ ಶೇರು ಯಾರಿಗೆ ಹಂಚಬೇಕೆಂಬುದರಲ್ಲಿ ಆತನ ಒಂದು ಚೀಟಿಗೆ ಹಣಕ್ಕಿಂತ ಹೆಚ್ಚಿನ ತೂಕವಿತ್ತು. ಹಂಚಿಕೆಯಲ್ಲೇ ಪಡೆದವರು ಕೈಯಿಂದ ಹೆಚ್ಚೇನೂ ಹಾಕದೆ, ಏರಿದ ಬೆಲೆಗೆ ಮಾರಿ ಹೊರಬಿದ್ದರು. ಕೊಂಡವರು ಯಾರು? ಗುಮಾಸ್ತರು, ಅಂಗಡಿಕಾರರು, ಉಳಿತಾಯವೆಂದರೆ ಒಂದು ಗಂಟು ಮಾತ್ರ ಇದ್ದವರು. ಅನ್ಯಾಯ ಇಲ್ಲಿಯೇ ಇತ್ತು ಎಂದು ನಾನು ಹೇಳುತ್ತೇನೆ, ಆಮೇಲಿನ ಕುಸಿತದಲ್ಲಿ ಅಲ್ಲ.

ಸಮುದ್ರ ತುಂಬಿಸಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಶೇರು 50,000ದ ಆಸುಪಾಸಿಗೆ ಹೋಯಿತು. ಇನ್ನೂ ನೆಲವಾಗದ ನೀರಿಗೆ ಆ ಬೆಲೆ! ಕೈಯಲ್ಲಿ ದುಡ್ಡಿಲ್ಲದವರು ವಾಯಿದೆಗೆ ಕೊಂಡರು: ಇಂಥ ಶೇರನ್ನು ಇಂಥ ದರಕ್ಕೆ 1865ರ ಜುಲೈ 1ರಂದು ತೆಗೆದುಕೊಳ್ಳುತ್ತೇನೆಂದು ಒಪ್ಪಿದ ಒಂದು ಕಾಗದ, ಕೆಳಗೆ ಒಂದು ರುಜು. ಊರಿಗೆ ಊರೇ ಅದೇ ದಿನಕ್ಕೆ ಮಾತು ಕೊಟ್ಟಿತ್ತು.

ಅದೇ ವರ್ಷದ ಏಪ್ರಿಲ್ 9ರಂದು ಅಮೆರಿಕದಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದನು; ಯುದ್ಧ ಮುಗಿಯುತ್ತ ಬಂತು. ಆ ಸುದ್ದಿ ಮುಟ್ಟುತ್ತಲೇ ಹತ್ತಿ ಬಿತ್ತು, ಹತ್ತಿಯ ಹಿಂದೆ ಶೇರು. ಜುಲೈ 1 ಬಂದಾಗ ಕೊಡಬೇಕಾದವನ ಬಳಿ ಹಣವಿರಲಿಲ್ಲ; ಅವನು ಕಾಯುತ್ತಿದ್ದ ಹಣ ಇನ್ನೊಬ್ಬನ ಬಳಿಯೂ ಇರಲಿಲ್ಲ. ಬ್ಯಾಕ್ ಬೇ ಶೇರು 2,000ಕ್ಕಿಂತ ಕೆಳಗಿಳಿಯಿತು. ಬ್ಯಾಂಕ್ ಆಫ್ ಬಾಂಬೆಯ ಶೇರು 2,850ರಿಂದ 87ಕ್ಕೆ ಬಂತು. ಪ್ರೇಮಚಂದನೂ ಮುಳುಗಿದ, ನಿಜ. ಆದರೆ ಆತ ಮುಂದೆ ಚೇತರಿಸಿಕೊಂಡ. ಮುಳುಗುವುದಕ್ಕೂ ಮೊದಲೇ ಆತ ಕೊಟ್ಟಿದ್ದ ದಾನದಲ್ಲಿ, ತಾಯಿಯ ಹೆಸರಿನ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣಗೊಂಡಿತು.

ಬ್ಯಾಂಕಿನ ಹಣ ಹೇಗೆ ಸೋರಿತೆಂದು ಕೇಳಲು ಸರ್ ಚಾರ್ಲ್ಸ್ ಜಾಕ್ಸನ್ ಅವರ ಆಯೋಗ ಕೂತದ್ದು 1868ರಲ್ಲಿ. ಅಷ್ಟರಲ್ಲಿ ಗುಮಾಸ್ತನ ಗಂಟು ಕರಗಿ ಮೂರು ವರ್ಷವಾಗಿತ್ತು.