ಎರೆನೆಲದ ಸೀಮೆಯಲ್ಲಿ ಸೀಸದಕಡ್ಡಿ: ನಿಸರ್ಗವನ್ನು ಇದ್ದಂತೆ ಚಿತ್ರಿಸುವ ಬಗೆ

ಕ್ರಿ.ಶ. 1565ರ ಜನವರಿ 23ರಂದು ವಿಜಯನಗರದ ಸೈನ್ಯಕ್ಕೂ ದಖ್ಖನಿನ ಸುಲ್ತಾನರ ಒಕ್ಕೂಟಕ್ಕೂ ನಡೆದ ಯುದ್ಧದಿಂದಾಗಿ ತಾಳಿಕೋಟೆಯ ಹೆಸರು ಚರಿತ್ರೆಯಲ್ಲಿ ನಿಂತಿದೆ. ಯುದ್ಧ ನಡೆದದ್ದು ಊರಿನಲ್ಲಲ್ಲ, ಕೃಷ್ಣಾ ತೀರದ ರಕ್ಕಸಗಿ-ತಂಗಡಗಿಗಳ ಬಳಿ ಎಂಬ ಮಾತು ಬೇರೆ. ಅದೇ 1565ರಲ್ಲಿ ಜ್ಯೂರಿಕ್ ನಗರದ ನಿಸರ್ಗ ವಿಜ್ಞಾನಿ ಕಾನ್ರಾಡ್ ಗೆಸ್ನರ್ ಭೂಮಿಯಿಂದ ಅಗೆದು ತೆಗೆಯುವ ವಸ್ತುಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದನು. ಮರದ ಹಿಡಿಕೆಗೆ ಕರಿಯ ತುಂಡೊಂದನ್ನು ಸಿಕ್ಕಿಸಿದ ಬರವಣಿಗೆಯ ಸಾಧನದ ಚಿತ್ರ ಅದರಲ್ಲಿದೆ. ಪೆನ್ಸಿಲ್ಲಿನ ಅತಿ ಹಳೆಯ ಚಿತ್ರ ಇದೇ ಎಂದು ಪರಿಗಣಿಸಲಾಗಿದೆ.

ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ತಾಳಿಕೋಟೆಯ ಸುತ್ತಲಿನ ನಿಸರ್ಗಕ್ಕೂ ಪೆನ್ಸಿಲ್ಲಿಗೂ ಇರುವ ಹೊಂದಾಣಿಕೆ ಆಕಸ್ಮಿಕವಲ್ಲ. ಕರಿಯ ಎರೆನೆಲ, ಬಿಳಿಯ ಜೋಳ, ಬೂದು ಬಣ್ಣದ ಹಾಸುಗಲ್ಲು, ಮರಗಳು ವಿರಳವಾದ ಬಯಲು. ಬಣ್ಣಕ್ಕಿಂತ ನೆರಳು-ಬೆಳಕೇ ಮೊದಲು ಕಣ್ಣಿಗೆ ಬೀಳುವ ಸೀಮೆಯಿದು. ನಿಸರ್ಗವನ್ನು ಇದ್ದಂತೆ ಚಿತ್ರಿಸಲು ಕಲಿಯಬೇಕೆನ್ನುವವರಿಗೆ ಮಲೆನಾಡಿನ ಹಸಿರಿಗಿಂತ ಈ ಬಯಲೇ ಒಳ್ಳೆಯ ಪಾಠಶಾಲೆ ಎಂದರೆ ತಪ್ಪಾಗಲಾರದು.

ಸೀಸವಿಲ್ಲದ ಸೀಸದಕಡ್ಡಿ

ಹಿರಿಯರು ಪೆನ್ಸಿಲ್ಲನ್ನು 'ಸೀಸದಕಡ್ಡಿ' ಎನ್ನುತ್ತಿದ್ದರು. ಅದರಲ್ಲಿ ಸೀಸದ ಅಂಶ ಎಂದೂ ಇರಲಿಲ್ಲ. ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ 16ನೆಯ ಶತಮಾನದಲ್ಲಿ ದೊರೆತ ಶುದ್ಧ ಗ್ರಾಫೈಟನ್ನು ಜನ ಸೀಸದ ಒಂದು ಬಗೆಯೆಂದು ತಿಳಿದರು. ಅದು ಇಂಗಾಲದ ಒಂದು ರೂಪವೆಂದು ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ 1779ರಲ್ಲಿ ತೋರಿಸಿಕೊಟ್ಟರೂ ಹಳೆಯ ಹೆಸರು ಉಳಿದುಕೊಂಡಿತು. ಯುದ್ಧದ ಕಾರಣ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ, ನಿಕೊಲಾ-ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಕಡ್ಡಿ ಮಾಡಿ, ಕುಲುಮೆಯಲ್ಲಿ ಸುಡುವ ವಿಧಾನವನ್ನು ರೂಪಿಸಿ 1795ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಎಲ್ಲ ಪೆನ್ಸಿಲ್ಲುಗಳೂ ಮೂಲತಃ ಇದೇ ಕ್ರಮದಲ್ಲಿ ತಯಾರಾಗುತ್ತವೆ.

ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿಯಾಗುತ್ತದೆ, ಗೆರೆ ತೆಳುವಾಗುತ್ತದೆ. ಅದು 'ಎಚ್' ವರ್ಗ. ಗ್ರಾಫೈಟ್ ಹೆಚ್ಚಾದರೆ ಮೆದು ಮತ್ತು ಕಪ್ಪು. ಅದು 'ಬಿ' ವರ್ಗ. ಅಂಗಡಿಯಲ್ಲಿ ಹನ್ನೆರಡು ಪೆನ್ಸಿಲ್ಲುಗಳ ಡಬ್ಬಿ ಸಿಗುತ್ತದೆಯಾದರೂ ಆರಂಭದವರಿಗೆ ಅಷ್ಟೂ ಬೇಕಿಲ್ಲ. 2ಎಚ್, ಎಚ್‌ಬಿ, 2ಬಿ ಮತ್ತು 6ಬಿ ಎಂಬ ನಾಲ್ಕು ಸಾಕು. ಮೆಂಡರ್ ಬದಲು ಬ್ಲೇಡಿನಿಂದ ಮೊನೆಯನ್ನು ಉದ್ದವಾಗಿ ಕೆತ್ತಿಕೊಂಡರೆ, ತುದಿಯಿಂದ ಸಣ್ಣ ಗೆರೆಯನ್ನೂ ಮಗ್ಗುಲಿನಿಂದ ಅಗಲವಾದ ಛಾಯೆಯನ್ನೂ ಎಳೆಯಬಹುದು. ಕಾಗದ ತೀರ ನುಣುಪಾಗಿದ್ದರೆ ಗ್ರಾಫೈಟ್ ಹಿಡಿಯುವುದಿಲ್ಲ. ಸ್ವಲ್ಪ ತರಿಯಿರುವ ಕಾರ್ಟ್ರಿಜ್ ಕಾಗದ ಲೇಸು.

ನಿಂಬೆಯಿಂದ ಆರಂಭ

ನೈಜ ಚಿತ್ರಣವೆಂದರೆ ಸೂಕ್ಷ್ಮ ವಿವರಗಳನ್ನು ತುಂಬುವುದು ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಎಲೆಯ ಪ್ರತಿಯೊಂದು ನರವನ್ನೂ ಎಳೆದ ಚಿತ್ರ ಕಾಗದಕ್ಕೆ ಅಂಟಿದಂತೆ ಚಪ್ಪಟೆಯಾಗಿ ಕಾಣಬಹುದು; ನಾಲ್ಕೇ ಛಾಯೆಗಳಲ್ಲಿ ಮುಗಿಸಿದ ಚಿತ್ರ ಕೈಗೆ ಸಿಗುವಂತೆ ತೋರಬಹುದು. ವಸ್ತುವಿನ ಯಾವ ಭಾಗ ಯಾವುದಕ್ಕಿಂತ ಎಷ್ಟು ಕಪ್ಪು ಎಂಬ ತುಲನೆ ಸರಿಯಾದರೆ ವಿವರ ಕಡಿಮೆಯಿದ್ದರೂ ಚಿತ್ರ ನಿಲ್ಲುತ್ತದೆ. ತುಲನೆ ತಪ್ಪಿದರೆ ಎಷ್ಟು ವಿವರವಿದ್ದರೂ ಬಿದ್ದುಹೋಗುತ್ತದೆ.

ಇದನ್ನು ಅರಿಯಲು ಇಂಡಿ ಭಾಗದ ಕಾಗ್ಜಿ ನಿಂಬೆಹಣ್ಣೊಂದು ಸಾಕು. ಕಿಟಕಿಯ ಬಳಿ ಬಿಳಿಯ ಕಾಗದದ ಮೇಲೆ ಅದನ್ನಿಟ್ಟು, ಬೆಳಕು ಒಂದೇ ಕಡೆಯಿಂದ ಬೀಳುವಂತೆ ನೋಡಿಕೊಳ್ಳಬೇಕು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಿಪ್ಪೆಯ ಸಣ್ಣ ರಂಧ್ರಗಳು ಮರೆಯಾಗಿ, ಬೆಳಕಿನ ಬಿಂದು, ನಡುಛಾಯೆ, ಗಾಢವಾದ ನೆರಳಿನ ಪಟ್ಟಿ ಮತ್ತು ಆ ಪಟ್ಟಿಯ ಆಚೆ ಕಾಗದದಿಂದ ಪ್ರತಿಫಲಿಸಿ ಬಂದ ಮಂದವಾದ ಬೆಳಕು ಕಾಣುತ್ತವೆ. ಈ ಪ್ರತಿಫಲಿತ ಬೆಳಕೇ ಹೊಸಬರನ್ನು ಮೋಸಗೊಳಿಸುವುದು. ಅದು ಪ್ರಕಾಶಮಾನವಾಗಿ ಕಂಡರೂ ಬೆಳಕಿನ ಮಗ್ಗುಲಿನ ನಡುಛಾಯೆಗಿಂತ ಕಪ್ಪಾಗಿಯೇ ಇರಬೇಕು. ಹಣ್ಣಿನ ಸುತ್ತ ಒಂದೇ ದಪ್ಪದ ಹೊರರೇಖೆ ಎಳೆದರೆ ಶ್ರಮವೆಲ್ಲ ವ್ಯರ್ಥ. ನಿಸರ್ಗದಲ್ಲಿ ರೇಖೆಯಿಲ್ಲ, ಒಂದು ಛಾಯೆ ಮುಗಿದು ಇನ್ನೊಂದು ಆರಂಭವಾಗುವ ಅಂಚು ಮಾತ್ರ ಇರುತ್ತದೆ.

ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್ 1857ರಲ್ಲಿ ಚಿತ್ರಕಲೆ ಕಲಿಯುವವರಿಗಾಗಿ ಬರೆದ ಪುಸ್ತಕದಲ್ಲಿ ಒಂದು ದುಂಡು ಕಲ್ಲನ್ನು ಎತ್ತಿಕೊಂಡು ಬರೆಯುವಂತೆ ಸೂಚಿಸಿದ್ದಾನೆ. ತಾಳಿಕೋಟೆಯವರಿಗೆ ಕಲ್ಲಿಗೇನು ಬರ? ಭೂವಿಜ್ಞಾನಿಗಳು ಭೀಮಾ ಶ್ರೇಣಿಗೆ ಸೇರಿಸುವ ಇಲ್ಲಿನ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಫರಸಿಯಾಗಿ ಮನೆಗಳ ನೆಲಕ್ಕೆ ಸೇರುತ್ತದೆ. ಒಡೆದ ಫರಸಿಯ ಅಂಚನ್ನು ಬರೆಯುವಾಗ ಪದರಗಳನ್ನು ಸಮಾನಾಂತರ ಗೆರೆಗಳಾಗಿ ಎಳೆದರೆ ಅದು ಪುಸ್ತಕದ ಮಗ್ಗುಲಿನಂತೆ ಕಾಣುತ್ತದೆ. ಮೇಲಿನ ಪದರದ ಚಾಚು ಕೆಳಗಿನದರ ಮೇಲೆ ಬೀಳಿಸುವ ನೆರಳನ್ನು ಬರೆದರೆ ಕಲ್ಲು ತಾನಾಗಿ ಮೂಡುತ್ತದೆ.

ಎರೆಹೊಲ ಮತ್ತು ಬಿಳಿಜೋಳ

ಇನ್ನು ಈ ಸೀಮೆಯ ನಿಜವಾದ ಸವಾಲಿಗೆ ಬರೋಣ. ಡೋಣಿ ನದಿಯ ದಂಡೆಯ ಎರೆಹೊಲಗಳು ಜೋಳಕ್ಕೆ ಹೆಸರಾದವು; ಡೋಣಿ ಸೀಮೆ ಬೆಳೆದರೆ ಓಣಿ ತುಂಬ ಕಾಳು ಎಂಬ ಮಾತು ಜನರ ಬಾಯಲ್ಲಿದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಎಳ್ಳಮಾವಾಸ್ಯೆಯ ಹೊತ್ತಿಗೆ ತೆನೆ ಹಿಡಿದಿರುತ್ತದೆ. ಬಿಸಿಲಿನಲ್ಲಿ ಮುತ್ತಿನಂತೆ ಹೊಳೆಯುವ ಕಾಳು, ಅದರ ಹಿಂದೆ ಕರಿಯ ನೆಲ. ಕಾಗದದ ಬಿಳುಪಿನಿಂದ 6ಬಿ ಪೆನ್ಸಿಲ್ಲಿನ ಕಪ್ಪಿನವರೆಗಿನ ಅಂತರ, ಬಿಸಿಲಿನ ತೆನೆಗೂ ನೆಲದ ಬಿರುಕಿನೊಳಗಿನ ಕತ್ತಲೆಗೂ ಇರುವ ಅಂತರಕ್ಕಿಂತ ಬಹಳ ಕಿರಿದು. ಆದ್ದರಿಂದ ಎಲ್ಲವನ್ನೂ ಕಂಡಷ್ಟೇ ಕಪ್ಪು, ಕಂಡಷ್ಟೇ ಬಿಳುಪಾಗಿ ಬರೆಯಲು ಸಾಧ್ಯವಿಲ್ಲ. ಚಿತ್ರಕಾರನು ಮೊದಲು ಅತಿ ಬಿಳಿಯ ಒಂದು ಸ್ಥಳವನ್ನೂ ಅತಿ ಕಪ್ಪಾದ ಒಂದು ಸ್ಥಳವನ್ನೂ ನಿರ್ಧರಿಸಿ, ಉಳಿದೆಲ್ಲವನ್ನೂ ಅವುಗಳ ನಡುವೆ ಹೊಂದಿಸಬೇಕು.

ಗ್ರಾಫೈಟಿಗೆ ಇನ್ನೊಂದು ದೋಷವಿದೆ. ಒತ್ತಿ ಒತ್ತಿ ಬರೆದ ಕಪ್ಪು ಲೋಹದಂತೆ ಮಿನುಗುತ್ತದೆ, ಬೆಳಕಿಗೆ ಹಿಡಿದರೆ ಬೂದಾಗಿ ಕಾಣುತ್ತದೆ. ಒಂದೇ ಸಲ ಒತ್ತದೆ, ಎಚ್‌ಬಿ, 2ಬಿ, 6ಬಿಗಳನ್ನು ಹಗುರವಾಗಿ ಒಂದರ ಮೇಲೊಂದು ಹಾಕುವುದು ಇದಕ್ಕೆ ಪರಿಹಾರ. ಬೆರಳಿನಿಂದ ಉಜ್ಜಿ ಮೃದುಗೊಳಿಸುವ ಚಟವನ್ನಂತೂ ಬಿಡಲೇಬೇಕು. ಚರ್ಮದ ಜಿಡ್ಡು ಕಾಗದಕ್ಕೆ ಹತ್ತಿದರೆ ಆ ಕಲೆ ರಬ್ಬರಿಗೂ ಬಗ್ಗುವುದಿಲ್ಲ.

ತೆನೆಯ ಬಿಳಿಯ ಕಾಳುಗಳನ್ನು ಬಿಳಿಯ ಕಾಗದದಲ್ಲಿ ಬರೆಯುವುದು ಹೇಗೆ? ಕಾಳನ್ನು ಬರೆಯಬಾರದು, ಕಾಳುಗಳ ನಡುವಿನ ಕತ್ತಲೆಯನ್ನೂ ಹಿಂದಿನ ನೆಲವನ್ನೂ ಬರೆಯಬೇಕು. ಹೊಲದ ಬೆಳ್ಳಕ್ಕಿಗೂ, ಆಲಮಟ್ಟಿಯ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತಿನ ಬಿಳಿಯ ಮುಖಕ್ಕೂ ಇದೇ ನ್ಯಾಯ. ಜೋಳದ ಗರಿಯ ನಡುವಿನ ಬಿಳಿಯ ದಿಂಡನ್ನೂ ಹಾಗೆಯೇ ಖಾಲಿ ಬಿಡಬೇಕು. ಮುಂದೆ ರಬ್ಬರಿನಿಂದ ತೆಗೆಯಬಹುದೆಂದು ಮೊದಲು ಮುಚ್ಚಿಬಿಟ್ಟರೆ ಕಾಗದದ ಮೂಲ ಬಿಳುಪು ಮರಳುವುದಿಲ್ಲ.

ಬಣ್ಣವನ್ನು ಬೂದಿಗೆ ಇಳಿಸುವಾಗಲೂ ಎಚ್ಚರ ಬೇಕು. ಸೂರ್ಯಕಾಂತಿಯ ಹಳದಿ ದಳ ಕಣ್ಣಿಗೆ ಗಾಢವೆನಿಸಿದರೂ ಛಾಯೆಯಲ್ಲಿ ತೀರ ತೆಳು. ಕುಸುಬಿಯ ಕೇಸರಿ ಹೂವು ಅದಕ್ಕಿಂತ ಒಂದು ಮಟ್ಟ ಕಪ್ಪು. ಕರಿಜಾಲಿಯ ತೊಗಟೆಯಾದರೋ ಪೆನ್ಸಿಲ್ಲಿಗೆಂದೇ ಹುಟ್ಟಿದಂತಿದೆ: ಆಳವಾದ ಸೀಳುಗಳು, ಅವುಗಳ ಅಂಚಿಗೆ ತಾಗುವ ಬೆಳಕು, ಬಿಳಿಚಿದ ಜೋಡಿ ಮುಳ್ಳುಗಳು, ಮಣಿಸರದಂತೆ ಬೀಜಬೀಜಕ್ಕೂ ಕಿರಿದಾಗುವ ಕಾಯಿ. ಬೇವಿನ ಎಲೆ ಸುಲಭವೆನಿಸಿದರೂ ಅದರ ಬುಡದ ಎರಡು ಮಗ್ಗುಲು ಸಮವಾಗಿರುವುದಿಲ್ಲ ಎಂಬುದನ್ನು ನೆನಪಿನಿಂದ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಸಮಯದ ಆಯ್ಕೆಯೂ ಮುಖ್ಯ. ತಾಳಿಕೋಟೆ ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದ ನಡುಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲಿದ್ದು ಮರದ ನೆರಳು ಬುಡದಲ್ಲೇ ಕುಸಿದಿರುತ್ತದೆ. ಆಕಾರ ತಿಳಿಯುವುದೇ ಇಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರ ನಂತರ ನೆರಳು ಉದ್ದವಾಗಿ ಹೊಲದ ಉಬ್ಬುತಗ್ಗುಗಳು ಎದ್ದು ಕಾಣುತ್ತವೆ. ನೆರಳು ಸರಿಯುತ್ತಲೇ ಇರುವುದರಿಂದ ಆರಂಭದಲ್ಲೇ ಅದರ ಅಂಚನ್ನು ಗುರುತಿಸಿಕೊಂಡು, ಕೊನೆಯವರೆಗೂ ಅದಕ್ಕೇ ಬದ್ಧವಾಗಿರಬೇಕು.

ಛಾಯಾಚಿತ್ರದ ನಕಲು

ಇಂದು ಪೆನ್ಸಿಲ್ ಚಿತ್ರಕಲೆಯೆಂದರೆ ಮೊಬೈಲಿನ ಛಾಯಾಚಿತ್ರವನ್ನು ಚೌಕುಳಿ ಹಾಕಿ ನಕಲಿಸುವುದೆಂದೇ ಅನೇಕ ಯುವಕರು ತಿಳಿದಿದ್ದಾರೆ. ಅವರ ಕೈಚಳಕ ಮೆಚ್ಚತಕ್ಕದ್ದೇ. ಆದರೆ ನಿಸರ್ಗದ ವಿಷಯದಲ್ಲಿ ಈ ದಾರಿ ಸೋಲುತ್ತದೆ. ಬಿಸಿಲಿನ ತೆನೆಗೆ ಹೊಂದಿಸಿದರೆ ಕ್ಯಾಮೆರಾ ಎರೆನೆಲವನ್ನು ಕರಿಯ ಮಸಿಯಾಗಿಸುತ್ತದೆ. ನೆಲಕ್ಕೆ ಹೊಂದಿಸಿದರೆ ತೆನೆ ಬಿಳಿಯ ಕಲೆಯಾಗುತ್ತದೆ. ಎರಡನ್ನೂ ಒಟ್ಟಿಗೆ ತೋರಿಸುವ ಹೊಸ ಮೊಬೈಲುಗಳು ನೆರಳನ್ನು ತಿಳಿಯಾಗಿಸಿ ಚಿತ್ರವನ್ನು ಸಪ್ಪೆಗೊಳಿಸುತ್ತವೆ. ಎದುರಿಗೆ ಕುಳಿತವನ ಕಣ್ಣು ತೆನೆಯಿಂದ ನೆಲಕ್ಕೆ, ನೆಲದಿಂದ ತೆನೆಗೆ ಹೊರಳುತ್ತ ಎರಡರ ವಿವರವನ್ನೂ ಹಿಡಿಯುತ್ತದೆ. ನಕಲು ಮಾಡುವವನು ಯಂತ್ರವು ಈಗಾಗಲೇ ಕೈಬಿಟ್ಟದ್ದನ್ನು ತಾನೂ ಕೈಬಿಡುತ್ತಾನೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಭಾರತೀಯ ಕಲಾವಿದನಿಂದ ಸುತ್ತಲಿನ ಸಸ್ಯಗಳನ್ನು ಒಂದೊಂದಾಗಿ ಚಿತ್ರಿಸಿದನು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಅವರು ಉದ್ಯಾನದ ಸಸ್ಯಗಳ ಚಿತ್ರಗಳನ್ನು ಬರೆದರು. ಅವು ವರ್ಣಚಿತ್ರಗಳಾದರೂ, ಎದುರಿಗಿರುವ ಸಸ್ಯವನ್ನು ನೋಡಿಯೇ ಬರೆಯುವ ಶಿಸ್ತು ಒಂದೇ. ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರ ಸೀಮೆಗೆ ಚಿತ್ರಕಲೆಯ ಶಿಕ್ಷಣದಲ್ಲಿ 1857ರಲ್ಲಿ ಆರಂಭವಾದ ಮುಂಬಯಿಯ ಜೆ.ಜೆ. ಕಲಾಶಾಲೆಯೇ ಮಾದರಿಯಾಗಿತ್ತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗದಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆಗಳನ್ನು ಕಟ್ಟಿ ಆ ಶಿಕ್ಷಣವನ್ನು ಉತ್ತರ ಕರ್ನಾಟಕದೊಳಕ್ಕೆ ತಂದರು.

ತಾಳಿಕೋಟೆಯ ಸುತ್ತ ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ತೊಗರಿಯಿದೆ, ನೀರಾವರಿ ಬಂದಲ್ಲಿ ಕಬ್ಬಿದೆ. ರಸ್ತೆ ಅಗಲವಾಗುವಾಗ ಬದಿಯ ಬೇವು, ಜಾಲಿಗಳು ಉರುಳುತ್ತವೆ. ಇರುವುದನ್ನು ಇದ್ದಾಗಲೇ, ಇದ್ದ ಸ್ಥಳದಲ್ಲೇ ಕುಳಿತು ಬರೆದಿಡುವವರು ಊರಿಗೆ ಇಬ್ಬರಾದರೂ ಇರಬೇಕಲ್ಲವೇ?

ಹೀಗೆ ಬರೆದ ಹಾಳೆಯ ಹಿಂಬದಿಯಲ್ಲಿ ತಿಥಿಯ ಜೊತೆಗೆ ದಿನಾಂಕ, ಸಮಯ, ಹೊಲದ ಅಥವಾ ಹಳ್ಳದ ಹೆಸರು, ಗಿಡಕ್ಕೆ ಅಲ್ಲಿನ ಜನ ಕರೆಯುವ ಹೆಸರು ಇವಿಷ್ಟನ್ನು ಎಚ್‌ಬಿ ಪೆನ್ಸಿಲ್ಲಿನಿಂದಲೇ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ ಒತ್ತಿದರೆ ಮುಂಬದಿಯಲ್ಲಿ ಗೀರು ಮೂಡುತ್ತದೆ. ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ, ಆದರೆ ತಿಕ್ಕಾಟಕ್ಕೆ ಅಳಿಯುತ್ತದೆ. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಸುರುಳಿ ಸುತ್ತದೆ, ಮಳೆಗಾಲದ ತೇವ ತಾಗದ ಕಡೆ ಚಪ್ಪಟೆಯಾಗಿ ಇಡುವುದು ಕ್ಷೇಮ.