ಪ್ರತಿ ಭಾಗಕ್ಕೂ ಒಂದು ಸಂಖ್ಯೆ

ನಿಮ್ಮ ಸೈಕಲ್ಲಿನ ಪೆಡಲು ಮುರಿದರೆ ಏನು ಮಾಡುತ್ತೀರಿ? ಅಂಗಡಿಗೆ ಹೋಗಿ ಅದೇ ಅಳತೆಯ ಇನ್ನೊಂದನ್ನು ತಂದು ಹಾಕಿಸುತ್ತೀರಿ. ಈ ಸೌಕರ್ಯಕ್ಕೂ ಒಂದು ಇತಿಹಾಸವಿದೆ. ಅದರ ಒಂದು ಪುಟ ಹಳೆಯ ರಿವಾಲ್ವರಿನ ಮೈಮೇಲೆ ಅಚ್ಚಾಗಿದೆ.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ರಿವಾಲ್ವರಿಗೆ ಪೇಟೆಂಟ್ ಪಡೆದನು. ಮುಂದೆ ಹಾರ್ಟ್‌ಫರ್ಡ್ ನಗರದ ಅವನ ಕಾರ್ಖಾನೆ ಜಗತ್ಪ್ರಸಿದ್ಧವಾಯಿತು. ಅಲ್ಲಿಯ ‘1851ರ ನೇವಿ’ ಎಂಬ ಮಾದರಿಯೊಂದೇ ಎರಡು ಲಕ್ಷಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕೋಲ್ಟ್ ತನ್ನ ರಿವಾಲ್ವರುಗಳನ್ನು ಇಟ್ಟನು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಉಪನ್ಯಾಸ ಮಾಡಿ, ತನ್ನ ಕಾರ್ಖಾನೆಯಲ್ಲಿ ಬಹುಪಾಲು ಕೆಲಸ ಯಂತ್ರಗಳದ್ದು ಎಂದು ವಿವರಿಸಿದನು. ಯಂತ್ರವೇ ಮಾಡಿದ ಮೇಲೆ ಎಲ್ಲ ಭಾಗಗಳೂ ಒಂದೇ ಅಳತೆಯವಾಗಿರಬೇಕು ಎಂದು ಜನ ಭಾವಿಸಿದರು.

ಈಗ ಅಂಥ ಒಂದು ರಿವಾಲ್ವರಿನ ಭಾಗ ಮುರಿದಿದೆ ಎಂದಿಟ್ಟುಕೊಳ್ಳಿ. ಅದೇ ಮಾದರಿಯ, ಅದೇ ಕಾರ್ಖಾನೆಯ, ಅದೇ ಕಾಲದ ಇನ್ನೊಂದು ರಿವಾಲ್ವರಿನಿಂದ ಭಾಗವನ್ನು ತೆಗೆದು ಹಾಕಿದರೆ ಕೂರಬೇಕಲ್ಲವೇ? ಎಷ್ಟೋ ಸಲ ಕೂರುವುದಿಲ್ಲ. ಒಂದೆಡೆ ಬಿಗಿಯಾದರೆ ಇನ್ನೊಂದೆಡೆ ಸಡಿಲವಾಗುತ್ತದೆ. ಕಾರಣವೇನು?

ಉತ್ತರ ಆ ವಸ್ತುವಿನಲ್ಲೇ ಇದೆ. ನಳಿಗೆ, ಚೌಕಟ್ಟು, ಹಿಡಿಯ ಹಿಂಬದಿಯ ಪಟ್ಟಿ, ಟ್ರಿಗರಿನ ಕಾವಲುಬಳೆ ಇವುಗಳ ಮೇಲೆ ಒಂದೇ ಸಂಖ್ಯೆಯನ್ನು ಒತ್ತಿರುವುದು ಕಾಣುತ್ತದೆ. ಭಾಗಗಳು ನಿಜವಾಗಿ ಒಂದೇ ಅಳತೆಯವಾಗಿದ್ದರೆ ಈ ಸಂಖ್ಯೆಯ ಅಗತ್ಯವೇನಿತ್ತು? ಯಂತ್ರ ಕೊರೆದ ಭಾಗಗಳನ್ನು, ಲೋಹ ಇನ್ನೂ ಮೆದುವಾಗಿರುವಾಗಲೇ, ಕುಶಲ ಕೆಲಸಗಾರನು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದನು. ಅನಂತರ ಬಿಚ್ಚಿ, ಕಾಯಿಸಿ ಗಟ್ಟಿಗೊಳಿಸುತ್ತಿದ್ದರು. ಮತ್ತೆ ಜೋಡಿಸುವಾಗ ಯಾವ ಭಾಗ ಯಾವ ರಿವಾಲ್ವರಿಗೆ ಸೇರಿದ್ದೆಂದು ತಿಳಿಯಲು ಸಂಖ್ಯೆ ಬೇಕಾಗಿತ್ತು.

ಹಾಗಾದರೆ ಒಂದೇ ಅಳತೆಯ ಭಾಗ ಮಾಡುವುದು ಯಾರಿಗೂ ತಿಳಿದಿರಲಿಲ್ಲವೇ? ತಿಳಿದಿತ್ತು. ಫ್ರಾನ್ಸಿನ ಒನೊರೆ ಬ್ಲಾಂಕ್ ಮಾಡಿದ್ದ ಬಂದೂಕಿನ ಬಿಡಿಭಾಗಗಳನ್ನು 1785ರಲ್ಲಿ ಥಾಮಸ್ ಜೆಫರ್‌ಸನ್ ಕೈಗೆ ಸಿಕ್ಕಂತೆ ಆರಿಸಿ ತಾನೇ ಜೋಡಿಸಿ ನೋಡಿದ್ದನು. 1820ರ ದಶಕದಲ್ಲಿ ಅಮೆರಿಕದ ಹಾರ್ಪರ್ಸ್ ಫೆರ್ರಿಯಲ್ಲಿ ಜಾನ್ ಹಾಲ್ ಇದನ್ನು ರೈಫಲುಗಳಲ್ಲಿ ಸಾಧಿಸಿದನು. ಆದರೆ ಅದಕ್ಕೆ ಪ್ರತಿ ಹಂತದಲ್ಲೂ ಅಳತೆಯ ಗೇಜುಗಳು, ತಪಾಸಣೆ, ಅಪಾರ ಹಣ ಬೇಕಿತ್ತು. ಸರ್ಕಾರ ಆ ವೆಚ್ಚವನ್ನು ಭರಿಸಿತು. ಖಾಸಗಿ ಉದ್ಯಮಿಯಾದ ಕೋಲ್ಟ್‌ಗೆ ಯಂತ್ರದ ಜೊತೆಗೆ ಅರವೂ ಇದ್ದರೆ ಸಾಕಾಗಿತ್ತು.

1854ರಲ್ಲಿ ಬ್ರಿಟನ್ನಿನ ಸಂಸತ್ತಿನ ಸಮಿತಿಯೊಂದು ಈ ವಿಷಯವನ್ನು ವಿಚಾರಿಸಿತು. ಆ ಕಾಲದಲ್ಲೇ ಬ್ರಿಟಿಷ್ ಸರ್ಕಾರ ಎನ್‌ಫೀಲ್ಡಿನ ಕಾರ್ಖಾನೆಗೆ ಅಮೆರಿಕದಿಂದ ಯಂತ್ರಗಳನ್ನು ತರಿಸಿತು. 1857ರ ಪಾಠದಲ್ಲಿ ನೀವು ಓದುವ ಎನ್‌ಫೀಲ್ಡ್ ಬಂದೂಕಿಗೆ ಹೆಸರು ಬಂದದ್ದು ಈ ಊರಿನಿಂದಲೇ. ಆದರೂ ಅರದ ಕಾಲ ಬೇಗ ಮುಗಿಯಲಿಲ್ಲ. ಸಿಂಗರ್ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲೂ 1880ರ ದಶಕದವರೆಗೆ ಅರದ ಕೆಲಸ ನಡೆದೇ ಇತ್ತು. 1913ರಲ್ಲಿ ಫೋರ್ಡ್ ಕಾರಿನ ಜೋಡಣಾ ಸಾಲು ಆರಂಭವಾದಾಗ ಮಾತ್ರ, ಉಜ್ಜಿ ಹೊಂದಿಸುತ್ತ ಕೂರಲು ಅಲ್ಲಿ ಸಮಯವೇ ಇರಲಿಲ್ಲ.

ಆದ್ದರಿಂದ ಹಳೆಯ ರಿವಾಲ್ವರಿಗೆ ‘ಮೂಲ ಭಾಗ’ ಎಂದರೆ ಅದೇ ಕಾರ್ಖಾನೆಯ ಭಾಗವೆಂದಷ್ಟೇ ಅಲ್ಲ. ಅದರದೇ ಸಂಖ್ಯೆಯುಳ್ಳ ಭಾಗ. ಬೇರೊಂದನ್ನು ತಂದು ಉಜ್ಜಿ ಕೂರಿಸಿದರೆ ವಸ್ತು ನೋಡಲು ಪೂರ್ಣವಾಗುತ್ತದೆ; ಆದರೆ ಎರಡು ರಿವಾಲ್ವರುಗಳ ಸಾಕ್ಷ್ಯ ಕೆಡುತ್ತದೆ. ಬದಲಾಯಿಸಲೇಬೇಕಾದರೆ ಹಾಗೆ ಮಾಡಿದುದನ್ನು ದಾಖಲಿಸಿಡಬೇಕು. ಮುರಿದ ಮೂಲ ಭಾಗವನ್ನೂ ಎಸೆಯಬಾರದು.

ಯಂತ್ರದ ಹೆಸರಿನಲ್ಲಿ ಕೋಲ್ಟ್ ಪಡೆದ ಕೀರ್ತಿಯಲ್ಲಿ, ಪುಸ್ತಕಗಳಲ್ಲಿ ಹೆಸರಿಲ್ಲದ ಆ ಕೆಲಸಗಾರರ ಪಾಲೂ ಇದೆ. ಮುಂದೆ ನೀವು ವಸ್ತುಸಂಗ್ರಹಾಲಯಕ್ಕೆ ಹೋದಾಗ ಹಳೆಯ ಬಂದೂಕನ್ನಾಗಲಿ ಯಂತ್ರವನ್ನಾಗಲಿ ತಯಾರಕನ ಹೆಸರು ಓದಿ ಬಿಟ್ಟುಬಿಡಬೇಡಿ. ಅದರ ಮೇಲಿನ ಸಂಖ್ಯೆಗಳನ್ನೂ ಅರದ ಗೀರುಗಳನ್ನೂ ಹುಡುಕಿ ನೋಡಿ.