ತಾಮ್ರದ ಲೆಕ್ಕ: ತಂತಿ ಎಷ್ಟು ದಪ್ಪ ಇರಬೇಕು?

ಇವತ್ತಿನ ಸಂಚಿಕೆ ಒಂದು ವೈರಿನ ಬಗ್ಗೆ. ನಗಬೇಡಿ, ಸ್ವಲ್ಪ ಕೇಳಿ.

ಪ್ಯಾನೆಲ್ ಹೊಸದು, ಬ್ಯಾಟರಿ ಹೊಸದು. ಆದರೂ ಕೊಟ್ಟಿಗೆಯ ಸೋಲಾರ್ ದೀಪ ಮಂಕು, ಫ್ಯಾನು ನಿಧಾನ. ಇಂಥ ಹೊತ್ತಲ್ಲಿ ನಾವು ಮೊದಲು ಬೈಯೋದು ಬ್ಯಾಟರಿಯನ್ನೇ. ಸಾವಿರಾರು ರೂಪಾಯಿ ಕೊಟ್ಟು ಅದನ್ನ ಬದಲಾಯಿಸಿದವರೂ ಇದ್ದಾರೆ. ಎಷ್ಟೋ ಸಲ ಕಳ್ಳ ಇರೋದು ಗೋಡೆ ಮೇಲೆ, ಕಣ್ಣೆದುರಿಗೇ. ಅದು ತೆಳ್ಳಗಿನ ವೈರು. ಈ ಕಳ್ಳನನ್ನ ಹಿಡಿಯೋ ಲೆಕ್ಕಕ್ಕೆ 140 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ನಾನು ಓದಿದ್ದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ಆದರೆ ಈ ಕಥೆ ಓದ್ತಾ ಹೋದ ಹಾಗೆ ಇದು ವಿಜ್ಞಾನದಷ್ಟೇ ಖರ್ಚು-ವೆಚ್ಚದ ಕಥೆ ಅಂತ ಗೊತ್ತಾಯಿತು.

1879ಕ್ಕೆ ಹೋಗೋಣ. ಥಾಮಸ್ ಎಡಿಸನ್ ಬಲ್ಬ್ ಮಾಡಿದರು ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಅವರ ತಲೆನೋವು ಬಲ್ಬಿಗಿಂತ ದೊಡ್ಡದಿತ್ತು: ಒಂದು ಊರಿಗೇ ದೀಪ ಕೊಡೋಕೆ ಎಷ್ಟು ತಾಮ್ರ ಬೇಕು? ಅದಕ್ಕೂ ಮೊದಲು ಬೇರೆಯವರು ಮಾಡಿದ್ದ ಫಿಲಮೆಂಟ್ ದೀಪಗಳ ರೋಧ ತೀರಾ ಕಡಿಮೆ. ರೋಧ ಕಡಿಮೆ ಅಂದರೆ ಅದೇ ಬೆಳಕಿಗೆ ಕರೆಂಟ್ ಜಾಸ್ತಿ, ಕರೆಂಟ್ ಜಾಸ್ತಿ ಅಂದರೆ ತಂತಿ ದಪ್ಪ. ಹಾಗೆ ಮಾಡಿದ್ದರೆ ದೀಪಕ್ಕಿಂತ ತಾಮ್ರದ ಬಿಲ್ಲೇ ದೊಡ್ಡದಾಗ್ತಿತ್ತು. ಎಡಿಸನ್ ಮತ್ತು ಅವರ ಗಣಿತಜ್ಞ ಫ್ರಾನ್ಸಿಸ್ ಅಪ್ಟನ್ ಲೆಕ್ಕ ಹಾಕಿ, ನೂರು ಓಮ್ ಆಸುಪಾಸಿನ, ಅಂದರೆ ಹೆಚ್ಚು ರೋಧದ ಫಿಲಮೆಂಟಿನ ದಾರಿ ಹಿಡಿದರು. ಬಲ್ಬ್ ಹೇಗಿರಬೇಕು ಅಂತ ತೀರ್ಮಾನ ಮಾಡಿದ್ದೇ ತಂತಿಯ ಖರ್ಚು ಅನ್ನಬಹುದು.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾಯಿತು. 110 ವೋಲ್ಟ್ ಡಿಸಿ, ಮೊದಲ ದಿನ ಸುಮಾರು 400 ದೀಪ. ರಸ್ತೆ ಅಗೆದು, ಕಬ್ಬಿಣದ ಪೈಪಿನೊಳಗೆ ಅರ್ಧ ವೃತ್ತಾಕಾರದ ತಾಮ್ರದ ಸರಳು ಕೂರಿಸಿದ್ದರು. ನಮ್ಮ ಕಣ್ಣಿಗೆ ಅದು ವೈರೇ ಅಲ್ಲ!

ಮರುವರ್ಷ, 1883ರ ಜುಲೈ 4ರಂದು, ಪೆನ್ಸಿಲ್ವೇನಿಯಾದ ಸನ್‌ಬರಿಯಲ್ಲಿ ಮೂರು ತಂತಿಯ ವ್ಯವಸ್ಥೆ ಬಂತು. ಎರಡು ಡೈನಮೋ ಸಾಲಾಗಿ ಜೋಡಿಸಿ ಹೊರಗಿನ ಎರಡು ತಂತಿಗಳ ನಡುವೆ 220 ವೋಲ್ಟ್, ಮಧ್ಯದ ತಂತಿಗೆ 110. ವೋಲ್ಟೇಜ್ ಎರಡು ಪಟ್ಟಾದರೆ ಅದೇ ಶೇಕಡಾ ನಷ್ಟಕ್ಕೆ ತಂತಿಯ ದಪ್ಪ ಕಾಲು ಭಾಗ ಸಾಕು. ತಂತಿ ಎರಡರ ಬದಲು ಮೂರು. ಮೂರೂ ಒಂದೇ ದಪ್ಪ ಅಂದುಕೊಂಡರೂ ಒಟ್ಟು ತಾಮ್ರ ಎಂಟರಲ್ಲಿ ಮೂರು ಭಾಗಕ್ಕೆ ಇಳಿಯುತ್ತೆ. ಅಂದರೆ ಶೇ. 62.5 ಉಳಿತಾಯ. ಯಾವ ವ್ಯಾಪಾರಿಗೆ ಇದು ಬೇಡ ಹೇಳಿ?

ಈ ಹೊತ್ತಿಗೆ ಬ್ರಿಟನ್ನಿನಲ್ಲಿ ಇನ್ನೊಬ್ಬರು ಇದೇ ವಿಷಯವನ್ನ ಬೇರೆ ಕಡೆಯಿಂದ ನೋಡಿದ್ದರು. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. 1881ರಲ್ಲಿ ಅವರು ಕೊಟ್ಟ ಸೂತ್ರ ಕೇಳಿದರೆ ಕಾಮರ್ಸ್ ಕ್ಲಾಸ್ ನೆನಪಾಗುತ್ತೆ. ದಪ್ಪ ತಂತಿ ಹಾಕಿದರೆ ಬಂಡವಾಳ ಜಾಸ್ತಿ, ಅದರ ಬಡ್ಡಿ, ಸವಕಳಿ ಪ್ರತಿ ವರ್ಷ. ತೆಳ್ಳಗಿನ ತಂತಿ ಹಾಕಿದರೆ ಬಂಡವಾಳ ಕಡಿಮೆ, ಆದರೆ ಪ್ರತಿ ವರ್ಷ ಬಿಸಿಯಾಗಿ ಸೋರಿಹೋಗೋ ವಿದ್ಯುತ್ತಿನ ಬೆಲೆ ಜಾಸ್ತಿ. ಈ ಎರಡೂ ವಾರ್ಷಿಕ ಖರ್ಚು ಸಮ ಆಗೋ ದಪ್ಪವೇ ಎಲ್ಲಕ್ಕಿಂತ ಅಗ್ಗ. ಇದು ಕೆಲ್ವಿನ್ ನಿಯಮ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಇಒಕ್ಯೂ ಸೂತ್ರ ಓದಿದವರಿಗೆ ಗೊತ್ತು: ಆರ್ಡರ್ ಮಾಡೋ ಖರ್ಚು, ಸರಕು ಇಟ್ಟುಕೊಳ್ಳೋ ಖರ್ಚು ಎರಡೂ ಸಮ ಆದಾಗ ಒಟ್ಟು ಖರ್ಚು ಕನಿಷ್ಠ. ಗಣಿತ ಒಂದೇ. ಆ ಸೂತ್ರ ಬಂದಿದ್ದು 1913ರಲ್ಲಿ, ಕೆಲ್ವಿನ್ ಆದ 32 ವರ್ಷದ ಮೇಲೆ.

ಆದರೆ ಈ ನಿಯಮ ಒಂದು ಪ್ರಶ್ನೆ ಕೇಳೋದಿಲ್ಲ: ಸಾಲಿನ ಕೊನೇ ಮನೆಗೆ ಎಷ್ಟು ವೋಲ್ಟ್ ತಲುಪುತ್ತೆ? ಒಟ್ಟು ಲೆಕ್ಕ ಲಾಭದಲ್ಲಿದ್ದರೂ ಕೊನೇ ಮನೆಯ ದೀಪ ಮಂಕಾಗಿರಬಹುದು. ಎಡಿಸನ್‌ರ ಡಿಸಿ ಸೋತಿದ್ದು ಇಲ್ಲೇ. ಕೇಂದ್ರದಿಂದ ಒಂದು ಮೈಲಿ ಆಸುಪಾಸು ದಾಟಿದರೆ ತಾಮ್ರದ ಖರ್ಚು ಕೈ ಮೀರುತ್ತಿತ್ತು. ಬೆಳಕು ಸಿಕ್ಕಿದ್ದು ಹತ್ತಿರ ಇದ್ದವರಿಗೆ, ದೂರದವರಿಗೆ ಇಲ್ಲ.

ನಮ್ಮ ಶಿವನಸಮುದ್ರ ಈ ಕಾರಣಕ್ಕೇ ದೊಡ್ಡ ಸಂಗತಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅದು ಎಸಿ, 30 ಸಾವಿರ ವೋಲ್ಟ್‌ಗೂ ಹೆಚ್ಚು. ಅಷ್ಟೇ ಶಕ್ತಿಯನ್ನ ಅಷ್ಟೇ ನಷ್ಟದಲ್ಲಿ 110 ವೋಲ್ಟ್‌ನಲ್ಲಿ ಕಳಿಸೋಕೆ ಹೊರಟಿದ್ದರೆ ಅಂದಾಜು 70 ಸಾವಿರ ಪಟ್ಟಿಗೂ ಹೆಚ್ಚು ತಾಮ್ರ ಬೇಕಿತ್ತು. ಬೆಂಗಳೂರಿಗೆ ಆ ಬೆಳಕು ಬಂದಿದ್ದು 1905ರಲ್ಲಿ.

ಹಾಗಾದರೆ ಡಿಸಿ ಕಥೆ ಮುಗೀತಾ? ಇಲ್ಲ. ಸೋಲಾರ್ ಜೊತೆ ಅದು ಮತ್ತೆ ಮನೆಯೊಳಗೆ ಬಂತು. ಅದೂ 110 ಅಲ್ಲ, ಬರೀ 12 ವೋಲ್ಟ್. ಎಡಿಸನ್‌ಗಿಂತ ಕಷ್ಟದ ಲೆಕ್ಕ ಈಗ ನಮ್ಮ ಹಳ್ಳಿ ಮನೆಯಲ್ಲಿದೆ.

ಒಂದು ಉದಾಹರಣೆ. 12 ವೋಲ್ಟ್, 60 ವಾಟ್ ಲೋಡ್. ಕರೆಂಟ್ 5 ಆಂಪಿಯರ್. ದೂರ 10 ಮೀಟರ್, ಆದರೆ ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ತಂತಿ 20 ಮೀಟರ್. ಒಂದು ಸ್ಕ್ವೇರ್ ಎಂಎಂ ದಪ್ಪದ ತಾಮ್ರಕ್ಕೆ ಮೀಟರಿಗೆ 0.0172 ಓಮ್ ರೋಧ. ಒಂದೂವರೆ ಸ್ಕ್ವೇರ್ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 1.15 ವೋಲ್ಟ್ ಮಾಯ. ಶೇಕಡಾ 9ಕ್ಕೂ ಹೆಚ್ಚು! ಆರು ಸ್ಕ್ವೇರ್ ಹಾಕಿದರೆ 0.29 ವೋಲ್ಟ್, ಶೇ. 2.4. ಅದೇ ಒಂದೂವರೆ ಸ್ಕ್ವೇರ್ ವೈರಿನಲ್ಲಿ, ಅದೇ 60 ವಾಟಿಗೆ, 230 ವೋಲ್ಟ್ ಇದ್ದರೆ ನಷ್ಟ ಲೆಕ್ಕಕ್ಕೇ ಇಲ್ಲ. "ಮನೆಗೆಲ್ಲಾ ಹಾಕಿರೋ ವೈರೇ ಸಾಕು" ಅನ್ನೋ ಮಾತು 12 ವೋಲ್ಟಿನಲ್ಲಿ ಕೈ ಕೊಡೋದು ಇದಕ್ಕೇ.

ಇನ್ನೊಂದು ಮಾತು. ವೈರ್ ಪ್ಯಾಕೆಟ್ ಮೇಲೆ ಬರೆದಿರೋ ಆಂಪಿಯರ್, ಅದು ಬಿಸಿಯಾಗಿ ಸುಡದೇ ಇರೋ ಮಿತಿ ಅಷ್ಟೇ. ಸುಡೋದಿಲ್ಲ ಅಂದ ಮಾತ್ರಕ್ಕೆ ವೋಲ್ಟ್ ತಲುಪುತ್ತೆ ಅಂತ ಅಲ್ಲ. ಹಾಗಾಗಿ ವೈರ್ ಎಳೆಯೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಬಿಸಿ ತಡೆಯುತ್ತಾ? ಕೊನೇ ಪಾಯಿಂಟಿಗೆ ಎಷ್ಟು ವೋಲ್ಟ್ ಸಿಗುತ್ತೆ? ಇವತ್ತು ಉಳಿಸೋ ದುಡ್ಡು ನಾಳೆ ಎಲ್ಲಿ ಸೋರುತ್ತೆ? ಆಮೇಲೆ ಬ್ಯಾಟರಿಯನ್ನ ಲೋಡಿಗೆ ಆದಷ್ಟು ಹತ್ತಿರ ಇಡಿ. ದೂರ ಹೆಚ್ಚಿದ್ದರೆ 24 ಅಥವಾ 48 ವೋಲ್ಟ್ ಸಿಸ್ಟಮ್ ಬಗ್ಗೆ ವಿಚಾರಿಸಿ. ಸನ್‌ಬರಿಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ, ವೋಲ್ಟೇಜ್ ಏರಿಸಿ ತಾಮ್ರ ಉಳಿಸಿದ್ದು.

ಮಂಕು ದೀಪದ ಕೆಳಗೆ ಓದೋ ಮಗುವಿಗೆ ಈ ನಿಯಮ ಯಾವುದೂ ಬೇಕಿಲ್ಲ. ವೈರ್ ಕೊಳ್ಳೋ ದೊಡ್ಡವರಿಗೆ ಗೊತ್ತಿದ್ದರೆ ಸಾಕು.